ಉರಿಯಿಲ್ಲದ ಒಲೆ

ನಮ್ಮ ಮನೆಗೆ ಮೈಕ್ರೋವೇವ್ ಒಲೆ ಬಂದು ಎರಡು ವರ್ಷಗಳಾದುವು. ಅದನ್ನು ನಾನು ಹಣ ಕೊಟ್ಟು ಕೊಂಡವನಲ್ಲ. ನನ್ನ ಭಾವಮೈದುನನು ತನ್ನ ಮನೆಗೆ ದೊಡ್ಡದೊಂದನ್ನು ತಂದುಕೊಂಡು, ಹಳೆಯ ಚಿಕ್ಕದನ್ನು ಅಕ್ಕನಿಗೆ ಉಡುಗೊರೆಯಾಗಿ ದಯಪಾಲಿಸಿದನು. ಒಲೆಯೊಡನೆ ಬಂದಿರಬೇಕಾಗಿದ್ದ ಕೈಪಿಡಿ ಎಲ್ಲಿ ಹೋಯಿತೆಂದು ಕೇಳಿದರೆ, "ಅದನ್ನು ಯಾರು ಓದುತ್ತಾರೆ ಭಾವ? ಗುಂಡಿ ಒತ್ತಿದರಾಯಿತು" ಎಂದು ನಕ್ಕುಬಿಟ್ಟನು. ಓದುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಆದರೂ ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರೆಂಬ ಗಾದೆಗೆ ಗುರಿಯಾಗಬಾರದೆಂದು ಸುಮ್ಮನಾದೆನು.

ಕನ್ನಡದ ಮೇಷ್ಟ್ರಾದುದರಿಂದ ನಾನು ಮಾಡಿದ ಮೊದಲ ಕೆಲಸವೆಂದರೆ ಅದಕ್ಕೊಂದು ನಾಮಕರಣ. 'ಸೂಕ್ಷ್ಮತರಂಗ ಒಲೆ' ಎಂದು ಊಟದ ಹೊತ್ತಿನಲ್ಲಿ ಗಂಭೀರವಾಗಿ ಘೋಷಿಸಿದೆನು. ನಮ್ಮ ತಾಯಿಯವರು ತುತ್ತನ್ನು ಅರ್ಧದಲ್ಲಿಯೇ ನಿಲ್ಲಿಸಿ, "ಉರಿ ಎಲ್ಲಿದೆಯೋ ಅದರಲ್ಲಿ? ಉರಿಯಿಲ್ಲದ ಮೇಲೆ ಒಲೆ ಹೇಗಾಯಿತು?" ಎಂದರು. ಅವರ ಬಾಯಲ್ಲಿ ಅದು 'ಪೆಟ್ಟಿಗೆ'ಯಾಯಿತು. ಕ್ರಮೇಣ ಮನೆಮಂದಿಯ ಬಾಯಲ್ಲೆಲ್ಲ ಪೆಟ್ಟಿಗೆಯೇ ಆಯಿತು. ಆಮೇಲೆ ತಿಳಿದು ನೋಡಿದರೆ ನನ್ನ ಹೆಸರಿನ ಉತ್ತರಾರ್ಧ ಮಾತ್ರವಲ್ಲ, ಪೂರ್ವಾರ್ಧವೂ ಸಂಶಯಾಸ್ಪದವೇ ಆಗಿತ್ತು. ಆ ತರಂಗಗಳು ಸೂಕ್ಷ್ಮವೇನೂ ಅಲ್ಲ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಸುಮಾರು 12 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ರೇಡಿಯೋದ ಅಲೆಗಳು ನೂರಾರು ಮೀಟರ್ ಉದ್ದವಾಗಿದ್ದುದರಿಂದ ಅವುಗಳ ಮುಂದೆ ಇವು ಸೂಕ್ಷ್ಮವೆನಿಸಿಕೊಂಡುವು, ಅಷ್ಟೆ.

ತಾಯಿಯವರ ಆಕ್ಷೇಪಣೆಯನ್ನು ಅಂದು ನಾನು ಹಳೆಯ ಕಾಲದವರ ಹಟವೆಂದು ಬಗೆದೆನು. ಅದರಲ್ಲಿ ಎಷ್ಟು ತಿರುಳಿತ್ತೆಂಬುದು ನನಗೆ ಗೊತ್ತಾಗಬೇಕಾದರೆ ನನ್ನ ಬಲಗೈಯೇ ಸುಡಬೇಕಾಯಿತು. ಅವರು ತೀರ್ಥಹಳ್ಳಿಯ ಕಡೆಯವರು. ಮದುವೆಯಾಗಿ ಬಂದ ಮೇಲೆ ಬಹುಕಾಲ ಸೌದೆಯ ಒಲೆಯಲ್ಲಿ ಅಡಿಗೆ ಮಾಡಿದವರು. ಗ್ಯಾಸು ಬಂದದ್ದು ಆಮೇಲೆ. ಅನ್ನ ಬೆಂದಿತೆಂಬುದನ್ನು ಅವರು ಅಗುಳನ್ನು ಹಿಸುಕಿ ನೋಡುವುದಕ್ಕೆ ಮುಂಚೆಯೇ ಕುದಿಯ ಸದ್ದಿನಿಂದ ತಿಳಿಯಬಲ್ಲರು. ಎಣ್ಣೆ ಕಾಯಿತೆಂಬುದನ್ನು ಒಂದು ಕಾಳು ಸಾಸಿವೆ ಹೇಳುತ್ತದೆ. ಹಾಲು ಉಕ್ಕುವುದಕ್ಕೆ ಮುಂಚೆ ಅಂಚಿನಲ್ಲಿ ಕಟ್ಟುವ ನೊರೆ ಹೇಳುತ್ತದೆ. ಪಾತ್ರೆ ಸುಡುತ್ತಿದೆಯೆಂಬುದನ್ನು ಅದರ ಮೇಲಿನ ಗಾಳಿಯೇ ಹೇಳುತ್ತದೆ. ಬೆಂಕಿ ಹೀಗೆ ತನ್ನ ಸುದ್ದಿಯನ್ನು ತಾನೇ ಸಾರುತ್ತದೆ. ಪೆಟ್ಟಿಗೆಯಾದರೋ ಏನನ್ನೂ ಸಾರುವುದಿಲ್ಲ. ಒಳಗೆ ಒಂದು ದೀಪ, ಒಂದು ಗುಂಯ್‌ಗುಟ್ಟುವಿಕೆ, ಕೊನೆಯಲ್ಲೊಂದು ಗಂಟೆ. ಕಾದ ವಸ್ತುವೂ ಕಾಯದ ವಸ್ತುವೂ ಹೊರಗಿನಿಂದ ನೋಡಿದರೆ ಒಂದೇ ತೆರ. ನಮ್ಮ ಕಣ್ಣು, ಕಿವಿ, ಬೆರಳುಗಳೆಲ್ಲ ಬೆಂಕಿಯ ಪಾಠಶಾಲೆಯಲ್ಲಿ ಕಲಿತವು. ಈ ಪೆಟ್ಟಿಗೆಯ ಮುಂದೆ ಅವು ನಿರಕ್ಷರಕುಕ್ಷಿಗಳು. ಈ ಒಲೆಯಿಂದ ಮನೆಗಳಲ್ಲಿ ಆಗುವ ಅಪಾಯಗಳಲ್ಲಿ ಬಹುಪಾಲಿನ ಮೂಲ ಇದೇ ಎಂದು ನನಗೆ ತೋರುತ್ತದೆ.

ಯುದ್ಧಕಾಲದಲ್ಲಿ ಹುಟ್ಟಿದ ಯಂತ್ರವಿದು. ಶತ್ರುವಿಮಾನಗಳನ್ನು ದೂರದಿಂದಲೇ ಕಂಡುಹಿಡಿಯುವ ರಡಾರಿಗಾಗಿ 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರ್‍ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ಮ್ಯಾಗ್ನೆಟ್ರಾನ್ ಎಂಬ ಸಾಧನವನ್ನು ಬಲಪಡಿಸಿದರು. ಅಮೆರಿಕದ ರೇಥಿಯಾನ್ ಕಂಪೆನಿಯಲ್ಲಿ ಅದನ್ನು ತಯಾರಿಸುತ್ತಿದ್ದ ಪರ್ಸಿ ಸ್ಪೆನ್ಸರ್ ಎಂಬಾತನು, 1945ರ ಸುಮಾರಿನಲ್ಲಿ, ಅದರ ಬಳಿ ನಿಂತಿದ್ದಾಗ ತನ್ನ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋದುದನ್ನು ಗಮನಿಸಿದನೆಂದು ಪ್ರಸಿದ್ಧಿಯಿದೆ. ಈತ ಶಾಲೆಯ ವಿದ್ಯಾಭ್ಯಾಸವನ್ನೂ ಪೂರ್ತಿ ಮುಗಿಸಿದವನಲ್ಲ. ಆದರೆ ಜೇಬು ಕೆಟ್ಟುಹೋಯಿತಲ್ಲಾ ಎಂದು ಗೊಣಗಿ ಸುಮ್ಮನಾಗುವ ಜಾತಿಯವನೂ ಅಲ್ಲ. ಮೆಕ್ಕೆಜೋಳದ ಕಾಳುಗಳನ್ನು ತಂದು ಹಿಡಿದನು, ಅರಳಿದುವು. ಆಮೇಲೆ ಮೊಟ್ಟೆಯನ್ನಿಟ್ಟನು, ಅದು ಸಿಡಿದು, ಬಗ್ಗಿ ನೋಡುತ್ತಿದ್ದ ಸಹೋದ್ಯೋಗಿಯ ಮುಖಕ್ಕೆ ಎರಚಿತೆಂದು ಹೇಳುತ್ತಾರೆ. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಾಗಿದ್ದು ಸುಮಾರು 340 ಕಿಲೋಗ್ರಾಂ ತೂಗುತ್ತಿತ್ತು. ಅಡಿಗೆಮನೆಯ ಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕದಾಗಿ ಅದು ಅಮೆರಿಕದ ಗೃಹಿಣಿಯರ ಕೈಗೆ ಸಿಕ್ಕಿದ್ದು 1967ರಲ್ಲಿ.

ಮೊಟ್ಟೆಯ ಕಥೆಯನ್ನು ನಾನು ತಾಯಿಯವರಿಗೆ ವರ್ಣಿಸಿದಾಗ ಅವರಿಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ. "ಹಲಸಿನ ಬೀಜವನ್ನು ಸೀಳದೆ ಕೆಂಡಕ್ಕೆ ಹಾಕಿದರೆ ಸುಮ್ಮನಿರುತ್ತದೆಯೇ? ಒಳಗಿನ ಆವಿಗೆ ದಾರಿ ಬೇಡವೇ?" ಎಂದರು. ಇಡೀ ಭೌತಶಾಸ್ತ್ರ ಆ ಒಂದು ಮಾತಿನಲ್ಲಿದೆ. ಚಿಪ್ಪು, ಸಿಪ್ಪೆ, ಮುಚ್ಚಳ ಯಾವುದೇ ಆಗಲಿ, ಒಳಗಿನ ನೀರು ಆವಿಯಾಗಿ ಹೊರಬರಲು ದಾರಿಯಿಲ್ಲದಿದ್ದರೆ ಅದು ಸಿಡಿಯುತ್ತದೆ. ಬೇಯಿಸಿ ಸುಲಿದ ಮೊಟ್ಟೆಯೂ ಇದಕ್ಕೆ ಹೊರತಲ್ಲ. ಪೆಟ್ಟಿಗೆಯಲ್ಲಿ ಸಾಧುವಾಗಿದ್ದು, ಹೊರಗೆ ತಂದು ಹಲ್ಲೂರಿದ ಕ್ಷಣದಲ್ಲಿ ಸಿಡಿದು ಬಾಯಿ ಮುಖಗಳನ್ನು ಸುಡಬಲ್ಲುದು. ಬದನೆಕಾಯಿ, ಆಲೂಗಡ್ಡೆ, ಇಡಿಯ ಟೊಮೇಟೊ ಇವುಗಳನ್ನು ಇಡುವ ಮುನ್ನ ನಾಲ್ಕು ಕಡೆ ಚುಚ್ಚಬೇಕು. ಡಬ್ಬಿಯ ಮುಚ್ಚಳವನ್ನು ಒಂದು ಮೂಲೆಯಲ್ಲಾದರೂ ಸಡಿಲಿಸಬೇಕು. ಮುಚ್ಚಿಟ್ಟುದನ್ನು ಹೊರಗೆ ತಂದು ತೆಗೆಯುವಾಗ ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿದರೆ ಹಬೆ ನಮ್ಮ ಮುಖದ ಕಡೆಗೆ ನುಗ್ಗುವುದಿಲ್ಲ.

ಇನ್ನು ನನ್ನ ಬಲಗೈಯ ಪ್ರಸಂಗ. ಅದು ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದ ಕಾಲ. ರಾತ್ರಿ ಹನ್ನೊಂದು ಗಂಟೆಗೆ ಒಂದು ಲೋಟ ಕಾಫಿ ಕುಡಿಯೋಣವೆನಿಸಿತು. ಮನೆಯವರನ್ನು ಎಬ್ಬಿಸುವುದೇಕೆಂದು ಹೊಸದೊಂದು ಗಾಜಿನ ಲೋಟದಲ್ಲಿ ನೀರು ತುಂಬಿ ಪೆಟ್ಟಿಗೆಯಲ್ಲಿಟ್ಟು, ಎರಡು ನಿಮಿಷಕ್ಕೆ ತಿರುಗಿಸಿ, ಮತ್ತೆರಡು ಪತ್ರಿಕೆಗಳನ್ನು ತಿದ್ದಿ ಬಂದೆನು. ನೋಡಿದರೆ ಕುದಿಯಿಲ್ಲ, ಗುಳ್ಳೆಯಿಲ್ಲ. ನೀರು ಕೊಳದಂತೆ ತಿಳಿಯಾಗಿ ನಿಂತಿದೆ. ಕಾಯಲಿಲ್ಲವೆಂದು ಇನ್ನೆರಡು ನಿಮಿಷ ಇಟ್ಟೆನು. ಆಗಲೂ ಅದೇ ಸ್ತಬ್ಧತೆ. ಲೋಟವನ್ನು ಹೊರಗೆ ತಂದು, ಒಂದು ಚಮಚ ಕಾಫಿಪುಡಿಯನ್ನು ಸುರಿದುದೇ ತಡ, ನೀರೆಲ್ಲ ಒಮ್ಮೆಗೇ ಭುಗಿಲೆಂದು ಮೇಲೆದ್ದು ನನ್ನ ಮಣಿಕಟ್ಟಿನ ಮೇಲೂ ಅಂಗಿಯ ತೋಳಿನ ಮೇಲೂ ಬಿದ್ದಿತು. ಲೋಟದಲ್ಲಿ ಉಳಿದದ್ದು ಕಾಲುಭಾಗವಷ್ಟೆ. ಮುಖವನ್ನು ಲೋಟದ ಮೇಲಕ್ಕೆ ಬಗ್ಗಿಸದೆ ಇದ್ದುದು ನನ್ನ ಪುಣ್ಯ, ಜಾಣತನವಲ್ಲ.

ನೀರು ಕಾದಿರಲಿಲ್ಲವೆಂದು ನಾನು ತಿಳಿದೆನಲ್ಲ, ಅದು ಕಾದದ್ದು ಸಾಲದೆ ಅಲ್ಲ, ಹೆಚ್ಚಾಗಿ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಮೈಸೂರಿನ ಎತ್ತರದಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಮೆಯಲ್ಲಿ. ಆದರೆ ಕುದಿಯಬೇಕಾದರೆ ಗುಳ್ಳೆ ಹುಟ್ಟಬೇಕು. ಗುಳ್ಳೆ ಹುಟ್ಟುವುದಕ್ಕೆ ಒಂದು ಗೀರು, ಒಂದು ಧೂಳಿನ ಕಣ, ಒಂದಿಷ್ಟು ಸಿಕ್ಕಿಕೊಂಡ ಗಾಳಿ, ಹೀಗೆ ಯಾವುದಾದರೊಂದು ಆಸರೆ ಬೇಕು. ಒಲೆಯ ಮೇಲಿನ ಪಾತ್ರೆಯ ತಳ ನೀರಿಗಿಂತ ಬಿಸಿಯಾಗಿರುತ್ತದೆ, ಒರಟಾಗಿಯೂ ಇರುತ್ತದೆ. ಅಲ್ಲಿಂದ ಗುಳ್ಳೆಗಳು ಸರಾಗವಾಗಿ ಏಳುತ್ತವೆ. ಪೆಟ್ಟಿಗೆಯಲ್ಲಿ ಕಾಯುವುದು ಮುಖ್ಯವಾಗಿ ನೀರು. ಲೋಟಕ್ಕೆ ಬಿಸಿ ಬರುವುದು ನೀರಿನಿಂದ. ಲೋಟ ಹೊಸದಾಗಿ ನುಣುಪಾಗಿದ್ದರಂತೂ ಗುಳ್ಳೆಗೆ ನೆಲೆಯೇ ಸಿಕ್ಕದು. ಆಗ ನೀರು ಕುದಿಯುವ ಅಂಕವನ್ನು ದಾಟಿಯೂ ಕುದಿಯದೆ, ಸಿಟ್ಟನ್ನು ನುಂಗಿಕೊಂಡವರಂತೆ ಸುಮ್ಮನಿರುತ್ತದೆ. ಪುಡಿ, ಸಕ್ಕರೆ, ಚಮಚ, ಕಡೆಗೆ ಒಂದು ಅಲುಗಾಟ, ಯಾವುದು ಸೋಕಿದರೂ ಸಾಕು, ಅಷ್ಟೂ ಒಮ್ಮೆಗೇ ಕುದಿದೆದ್ದುಬಿಡುತ್ತದೆ. ಒಮ್ಮೆ ಕಾಯಿಸಿದುದನ್ನು ಮತ್ತೆ ಕಾಯಿಸುವುದು ಇನ್ನೂ ಕೆಟ್ಟುದು. ಮೊದಲ ಸಲ ಕಾದಾಗಲೇ ನೀರಿನಲ್ಲಿ ಕರಗಿದ್ದ ಗಾಳಿ ಹೊರಟುಹೋಗಿ, ಗುಳ್ಳೆಗಿದ್ದ ಒಂದು ಆಸರೆಯೂ ತಪ್ಪಿರುತ್ತದೆ. ನಾನು ಮಾಡಿದ್ದು ಅದನ್ನೇ.

ಪರಿಹಾರ ಬಹು ಸುಲಭ. ಒಂದು ಮರದ ಚಮಚವನ್ನೋ ಮರದ ಕಡ್ಡಿಯನ್ನೋ ಮೊದಲೇ ನೀರಿನಲ್ಲಿಟ್ಟು ಕಾಯಿಸಬೇಕು. ಹೊತ್ತನ್ನು ಕಡಮೆಯಾಗಿ ಗೊತ್ತುಮಾಡಿ, ಬೇಕಾದರೆ ನಡುವೆ ಕಲಕಬೇಕು. ಗಂಟೆ ಬಾರಿಸಿದೊಡನೆ ಕೈ ಹಾಕದೆ ಅರ್ಧ ನಿಮಿಷವಾದರೂ ತಾಳಬೇಕು. ಅಥವಾ, ನನ್ನ ಪತ್ನಿ ಹೇಳುವಂತೆ, ನೀರು ಕಾಯಿಸಲು ಗ್ಯಾಸಿನ ಒಲೆಯೊಂದು ಮನೆಯಲ್ಲಿದೆಯೆಂಬುದನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ನನ್ನ ಕೂಗಿಗೆ ಇಬ್ಬರೂ ಎದ್ದು ಬಂದರು. ತಾಯಿಯವರು ನೋಡಿದವರೇ ಬೆಣ್ಣೆ ತರಲು ಓಡಿದರು. ಪತ್ನಿ ನನ್ನ ಕೈಗಡಿಯಾರವನ್ನು ಬಿಚ್ಚಿ, ಕೈಯನ್ನು ಎಳೆದೊಯ್ದು ನಲ್ಲಿಯ ಕೆಳಗೆ ಹಿಡಿದಳು. "ಬೆಣ್ಣೆ ಬೇಡಿ ಅತ್ತೆ, ಬಿಸಿ ಒಳಗೇ ಉಳಿಯುತ್ತದೆ" ಎಂದಳು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ನನ್ನನ್ನು ನಿಲ್ಲಿಸಿದಳು. ಐದು ನಿಮಿಷಕ್ಕೆ ನನಗೆ ಸಾಕೆನಿಸಿತ್ತು, ಬಿಡಲಿಲ್ಲ. ಮಂಜುಗಡ್ಡೆಯನ್ನೂ ಇಡಗೊಡಲಿಲ್ಲ, ಸುಟ್ಟ ಚರ್ಮಕ್ಕೆ ಅದು ಮತ್ತೊಂದು ಗಾಯವಂತೆ. ಹಲ್ಲುಜ್ಜುವ ಪೇಸ್ಟು, ದೋಸೆಹಿಟ್ಟು, ಶಾಯಿ ಮುಂತಾದ ಮನೆಮದ್ದುಗಳೆಲ್ಲ ಹೀಗೆಯೇ ವರ್ಜ್ಯ. ಬೊಬ್ಬೆ ದೊಡ್ಡದಾದರೆ, ಮುಖಕ್ಕೋ ಕಣ್ಣಿಗೋ ತಗುಲಿದರೆ, ಅಥವಾ ಸುಟ್ಟದ್ದು ಮಗುವಿಗಾದರೆ, ತಣ್ಣೀರು ಹಾಕಿದ ಮೇಲೆ ನೇರವಾಗಿ ವೈದ್ಯರ ಬಳಿಗೆ ಹೋಗತಕ್ಕದ್ದು. ನನ್ನದು ಹದಿನೈದು ದಿನಗಳಲ್ಲಿ ಮಾಯಿತು. ಪತ್ರಿಕೆಗಳನ್ನು ಎಡಗೈಯಲ್ಲಿ ತಿದ್ದಿದೆನು. ಆ ವರ್ಷದ ವಿದ್ಯಾರ್ಥಿಗಳು ಅಂಕಗಳನ್ನು ಹೇಗೆ ಓದಿಕೊಂಡರೋ ಕಾಣೆ.

ಈ ಪ್ರಸಂಗವನ್ನು ನಾನು ಗೆಳೆಯರ ಮುಂದೆ ನಗುತ್ತಾ ಹೇಳುವುದುಂಟು. ಇನ್ನೊಂದನ್ನು ಹಾಗೆ ಹೇಳಲಾರೆ.

ನಮ್ಮ ಮಗುವಿಗೆ ಆಗ ಎಂಟು ತಿಂಗಳು. ಪತ್ನಿ ಕೆಲಸಕ್ಕೆ ಮರಳಿದ್ದಳು. ನನಗೆ ಅಂದು ಮಧ್ಯಾಹ್ನ ತರಗತಿಯಿರಲಿಲ್ಲ. ಮಗು ಎದ್ದು ಅಳತೊಡಗಿತು. ಶೀತಪೆಟ್ಟಿಗೆಯಿಂದ ಹಾಲಿನ ಬಾಟಲಿಯನ್ನು ತೆಗೆದು ಒಂದು ನಿಮಿಷ ಕಾಯಿಸಿದೆನು. ಅಂಗೈಯಲ್ಲಿ ಹಿಡಿದು ನೋಡಿದರೆ ಹದವಾಗಿ ಬೆಚ್ಚಗಿತ್ತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿಯನ್ನು ಬಾಯಿಗೆ ಹಿಡಿಯುವುದರಲ್ಲಿದ್ದೆನು. "ತಾ ಇಲ್ಲಿ" ಎಂದು ತಾಯಿಯವರು ಬಾಟಲಿಯನ್ನು ಕಿತ್ತುಕೊಂಡರು. ಬೆಚ್ಚಗಿದೆಯಮ್ಮ, ನೋಡಿದ್ದೇನೆ, ಎಂದೆ. ಅವರು ಉತ್ತರ ಕೊಡದೆ, ತಮ್ಮ ಮಣಿಕಟ್ಟಿನ ಒಳಭಾಗದ ಮೇಲೆ ಎರಡು ತೊಟ್ಟು ಬಿಟ್ಟುಕೊಂಡರು. ಬಿಟ್ಟುಕೊಂಡವರೇ ಕೈಯನ್ನು ಝಾಡಿಸಿದರು. ಅಲ್ಲಿ ಕೆಂಪಗೆ ಎರಡು ಗುರುತುಗಳು ಬಿದ್ದಿದ್ದುವು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಗುವಿನ ಬಾಯಿಯಲ್ಲಿ, ಗಂಟಲಲ್ಲಿ ಆ ಹಾಲು ಇಳಿದಿದ್ದರೆ ಎಂಬ ಯೋಚನೆಯನ್ನು ಬದಿಗಿಟ್ಟಷ್ಟೂ ಮರಳಿ ಬರುತ್ತಿತ್ತು. ನಾನು ನಂಬಿದ್ದು ನನ್ನ ಅಂಗೈಯನ್ನು. ಪಾತ್ರೆ ಬಿಸಿಯಾದರೆ ಒಳಗಿನದು ಬಿಸಿ, ಪಾತ್ರೆ ತಣ್ಣಗಿದ್ದರೆ ಒಳಗಿನದು ತಣ್ಣಗೆ ಎಂಬುದು ಬೆಂಕಿಯ ಲೆಕ್ಕ. ಈ ಪೆಟ್ಟಿಗೆಯಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ. ತಾಯಿಯವರಿಗೆ ತರಂಗವೂ ಗೊತ್ತಿಲ್ಲ, ಮ್ಯಾಗ್ನೆಟ್ರಾನೂ ಗೊತ್ತಿಲ್ಲ. ಅವರು ಪಾತ್ರೆಯನ್ನು ಕೇಳದೆ ಹಾಲನ್ನೇ ಕೇಳಿದರು.

ಏತಕ್ಕೆ ಹೀಗಾಗುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ನೀರಿನ ಅಣುವಿನ ಒಂದು ತುದಿಯಲ್ಲಿ ಧನ, ಇನ್ನೊಂದು ತುದಿಯಲ್ಲಿ ಋಣ ವಿದ್ಯುದಂಶವಿದೆ. ಪೆಟ್ಟಿಗೆಯೊಳಗಿನ ತರಂಗ ಒಂದು ಸೆಕೆಂಡಿಗೆ 245 ಕೋಟಿ ಸಲ ಆಂದೋಲನಗೊಳ್ಳುತ್ತದೆ. ಅದರೊಡನೆ ಹೊರಳಲು ಯತ್ನಿಸುವ ಅಣುಗಳು ಒಂದನ್ನೊಂದು ನೂಕಾಡಿ ಪದಾರ್ಥ ಬಿಸಿಯಾಗುತ್ತದೆ. ಒಳಗಿನಿಂದ ಹೊರಕ್ಕೆ ಬೇಯುತ್ತದೆಂದು ಹಲವರು ಹೇಳುವುದು ಸರಿಯಲ್ಲ. ತರಂಗ ಆಹಾರದೊಳಕ್ಕೆ ಎರಡು ಮೂರು ಸೆಂಟಿಮೀಟರಿನಷ್ಟು ಮಾತ್ರ ಬಲವಾಗಿ ಇಳಿಯುತ್ತದೆ. ಅದಕ್ಕೂ ಒಳಗಿನ ಭಾಗಕ್ಕೆ ಬಿಸಿ ನಿಧಾನವಾಗಿ ಹರಿದುಹೋಗಬೇಕು. ಅದೂ ಅಲ್ಲದೆ, ಲೋಹದ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರೊಡನೊಂದು ಬೆರೆತು, ಕೆಲವೆಡೆ ಬಲಗೊಂಡು ಕೆಲವೆಡೆ ಅಡಗುತ್ತವೆ. ತಿರುಗುವ ಗಾಜಿನ ತಟ್ಟೆಯನ್ನಿಟ್ಟಿರುವುದು ಈ ಕಾರಣಕ್ಕಾಗಿಯೇ. ಆದರೂ ಪಂಕ್ತಿಭೇದ ಪೂರ್ತಿಯಾಗಿ ತಪ್ಪದು. ಒಂದೇ ಬಟ್ಟಲಿನ ಸಾರು ಒಂದೆಡೆ ನಾಲಿಗೆ ಸುಡುವಷ್ಟು, ಇನ್ನೊಂದೆಡೆ ಶೀತಪೆಟ್ಟಿಗೆಯಿಂದ ಆಗತಾನೆ ಇಳಿದಂತೆ. ಆದಕಾರಣ ನಡುವೆ ನಿಲ್ಲಿಸಿ ಕಲಕಬೇಕು; ಮುಗಿದ ಮೇಲೆ ಒಂದೆರಡು ನಿಮಿಷ ಹಾಗೆಯೇ ಬಿಡಬೇಕು; ಬಡಿಸುವ ಮುನ್ನ ಇನ್ನೊಮ್ಮೆ ಕಲಕಬೇಕು. ಮಗುವಿನ ಬಾಟಲಿಯನ್ನಂತೂ ಪೆಟ್ಟಿಗೆಯಲ್ಲಿಡಲೇಬಾರದೆಂಬುದು ವೈದ್ಯರ ಸ್ಪಷ್ಟವಾದ ಮಾತು. ಬಿಸಿನೀರಿನ ಬಟ್ಟಲಲ್ಲಿ ಬಾಟಲಿಯನ್ನು ನಿಲ್ಲಿಸಿ ಬೆಚ್ಚಗೆ ಮಾಡುವುದೇ ಲೇಸು. ಆಮೇಲೂ ಮಣಿಕಟ್ಟಿನ ಪರೀಕ್ಷೆ ತಪ್ಪಬಾರದು.

ತಣ್ಣಗೆ ಉಳಿದ ಭಾಗ ನಾಲಿಗೆಯನ್ನು ಸುಡುವುದಿಲ್ಲ, ನಿಜ. ಆದರೆ ಹೊಟ್ಟೆಯನ್ನು ಕೆಡಿಸಬಲ್ಲುದು. ಉಳಿದ ಪದಾರ್ಥವನ್ನು ಬಿಸಿಮಾಡುವಾಗ ಅದರ ಪ್ರತಿಯೊಂದು ಭಾಗವೂ 74 ಡಿಗ್ರಿಯನ್ನು ಮುಟ್ಟಬೇಕೆಂಬುದು ತಜ್ಞರ ನಿಯಮ. ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ನಡುಭಾಗದಿಂದಲೂ ಹಬೆ ಏಳಬೇಕು. ಇಲ್ಲಿ ಅನ್ನದ ವಿಷಯ ಬೇರೆಯಾಗಿ ಹೇಳಬೇಕಾದದ್ದಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರುವುದುಂಟು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಹಳ ಹೊತ್ತು ಬಿಟ್ಟರೆ ಅವು ಮೊಳೆತು ಬೆಳೆದು ಒಂದು ಬಗೆಯ ವಿಷವನ್ನು ಮಾಡುತ್ತವೆ. ಆ ವಿಷ 121 ಡಿಗ್ರಿಯ ಶಾಖಕ್ಕೂ ಜಗ್ಗುವುದಲ್ಲ. ಪೆಟ್ಟಿಗೆಯಲ್ಲಿಟ್ಟರೂ ಸರಿಯೆ, ಬಾಣಲೆಯಲ್ಲಿ ಚಿತ್ರಾನ್ನ ಕಲಸಿದರೂ ಸರಿಯೆ, ಅದು ಇದ್ದೇ ಇರುತ್ತದೆ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ. ಆದುದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಆರಿಸಿ, ಒಂದೆರಡು ಗಂಟೆಗಳೊಳಗೆ ಶೀತಪೆಟ್ಟಿಗೆಗೆ ಸೇರಿಸಬೇಕು. ಬಿಸಿಮಾಡುವುದು ಒಂದೇ ಸಲ. "ನಾವೆಲ್ಲ ತಂಗಳನ್ನ ಉಂಡು ಬೆಳೆಯಲಿಲ್ಲವೇನೋ?" ಎಂದು ತಾಯಿಯವರು ಕೇಳಿದರು. ನೀವು ಅದಕ್ಕೆ ಮಜ್ಜಿಗೆ ಸೇರಿಸಿ ಹುಳಿ ಬರಿಸುತ್ತಿದ್ದಿರಿ, ಹುಳಿ ಈ ಜೀವಿಗೆ ಒಗ್ಗದು ಎಂದೆ. ಈ ಉತ್ತರದಿಂದ ಅವರಿಗೆ ಸಂತೋಷವಾಯಿತು. ಶೀತಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ.

ಪಾತ್ರೆಗಳ ವಿಷಯ ಬಹುಮಂದಿ ಬಲ್ಲುದೇ. ನಮ್ಮ ಮನೆಗಳಲ್ಲಿರುವುದೆಲ್ಲ ಸ್ಟೀಲು. ಸ್ಟೀಲಿಗೂ ಈ ಪೆಟ್ಟಿಗೆಗೂ ಆಗಿಬರುವುದಿಲ್ಲ. ಸ್ಟೀಲಿನ ಡಬ್ಬಿಯೊಳಕ್ಕೆ ತರಂಗ ಹೋಗಲಾರದು. ಚಮಚದ ಮುಳ್ಳಿನಂಥ ಚೂಪು ತುದಿಗಳಲ್ಲಿ, ಸುಕ್ಕಾದ ಅಲ್ಯೂಮಿನಿಯಂ ಹಾಳೆಯಲ್ಲಿ ಕಿಡಿಯೇಳುತ್ತದೆ. ಲೋಹವೆಂದು ಕಾಣದ ಲೋಹವೇ ಹೆಚ್ಚು ಮೋಸಗಾರ: ಪಿಂಗಾಣಿ ತಟ್ಟೆಯ ಚಿನ್ನದ ಅಂಚು, ಹೋಟೆಲಿನ ಪೊಟ್ಟಣಕ್ಕೆ ಚುಚ್ಚಿದ ಪಿನ್ನು. ಮೆಲಮಿನ್ ತಟ್ಟೆಗಳು ನೋಡಲು ಪಿಂಗಾಣಿಯಂತಿದ್ದರೂ ಇದಕ್ಕೆ ತಕ್ಕುವಲ್ಲ. ಹೋಟೆಲಿನಿಂದ ಸಾಗು ತಂದ ತೆಳು ಪ್ಲಾಸ್ಟಿಕ್ ಡಬ್ಬಿಯನ್ನು ಹಾಗೆಯೇ ಒಳಗಿಡುವುದು ನಮ್ಮ ಪೇಟೆಯ ಸೋಮಾರಿತನ. ಎಣ್ಣೆ ನೀರಿಗಿಂತ ಹೆಚ್ಚು ಕಾಯುವುದರಿಂದ ಡಬ್ಬಿ ಅಲ್ಲಲ್ಲಿ ಮೆತ್ತಗಾಗಿ ಬಿಡುತ್ತದೆ. ತಳದಲ್ಲಿ ಈ ಒಲೆಗೆ ತಕ್ಕುದೆಂಬ ಗುರುತಿಲ್ಲದಿದ್ದರೆ ಗಾಜಿನ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಪಿಂಗಾಣಿಯ ಬಗೆಗೆ ಸಂದೇಹವಿದ್ದರೆ ಒಂದು ಪರೀಕ್ಷೆಯುಂಟು. ಬರಿಯ ತಟ್ಟೆಯನ್ನೂ ಪಕ್ಕದಲ್ಲಿ ಒಂದು ಗಾಜಿನ ಬಟ್ಟಲು ನೀರನ್ನೂ ಇಟ್ಟು ಒಂದು ನಿಮಿಷ ನಡೆಸಿ ನೋಡುವುದು. ನೀರು ಬೆಚ್ಚಗಾಗಿ ತಟ್ಟೆ ತಣ್ಣಗಿದ್ದರೆ ತಟ್ಟೆ ಯೋಗ್ಯ. ತಟ್ಟೆಯೇ ಬಿಸಿಯಾದರೆ ಅದನ್ನು ಊಟಕ್ಕೆ ಇಟ್ಟುಕೊಳ್ಳಿ. ನೀರಿನ ಬಟ್ಟಲು ಏಕೆಂದರೆ, ಒಳಗೆ ಏನೂ ಇಲ್ಲದೆ ಪೆಟ್ಟಿಗೆಯನ್ನು ನಡೆಸಬಾರದು. ಹೀರುವವರಿಲ್ಲದ ಶಕ್ತಿ ಮರಳಿ ಮ್ಯಾಗ್ನೆಟ್ರಾನನ್ನೇ ಕೆಡಿಸುತ್ತದೆ.

ಒಣಗಿದ ವಸ್ತುಗಳ ವಿಷಯದಲ್ಲಿ ಗಡಿಯಾರದ ಮೇಲೆ ಕಣ್ಣಿರಬೇಕು. ನಮ್ಮ ನೆರೆಮನೆಯವರು ಚಟ್ನಿಪುಡಿಗೆಂದು ಕರಿಬೇವನ್ನು ಒಣಗಿಸಲು ಇಟ್ಟು, ಮೊಬೈಲಿನಲ್ಲಿ ಮಗಳೊಡನೆ ಮಾತಿಗೆ ನಿಂತರು. ಒಂದು ನಿಮಿಷದ ಕೆಲಸಕ್ಕೆ ಐದು ನಿಮಿಷ ಸಂದಿತು. ಪೆಟ್ಟಿಗೆಯೊಳಗೆ ಬೆಂಕಿ! ಅವರು ಗಾಬರಿಯಿಂದ ಬಾಗಿಲು ತೆರೆದರು. ಹೊಸ ಗಾಳಿ ಸಿಕ್ಕ ಜ್ವಾಲೆ ನಾಲಿಗೆ ಚಾಚಿತು. ಹುಬ್ಬು ಸ್ವಲ್ಪ ಸೀದದ್ದರಲ್ಲಿ ಮುಗಿಯಿತು. ಬಾಗಿಲನ್ನು ತೆರೆಯಕೂಡದು, ಒಲೆಯನ್ನು ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಉರಿ ತಾನಾಗಿ ಅಡಗುವವರೆಗೆ ಕಾಯಬೇಕು. ಹಪ್ಪಳಕ್ಕೂ ಇದೇ ಎಚ್ಚರಿಕೆ. ನೆಲಗಡಲೆಯಂತೂ ಮೇಲೆ ಬೆಳ್ಳಗೆ ಕಾಣುತ್ತಲೇ ಒಳಗೆ ಕರಕಾಗಿರುತ್ತದೆ. ಅರೆನಿಮಿಷಕ್ಕೊಮ್ಮೆ ತೆಗೆದು ಒಂದನ್ನು ಒಡೆದು ನೋಡಬೇಕು.

ಪೆಟ್ಟಿಗೆಯ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆಂದು ಪತ್ನಿ ಹೇಳಿದಾಗ ನಾನು ಚಳಿಗಾಲದ ಭ್ರಮೆಯೆಂದೆ. ಕರೆಂಟಿನ ಕೆಲಸದವನು ಬಂದು ಗೋಡೆಯ ಫಲಕವನ್ನು ಬಿಚ್ಚಿದರೆ, ಮೂರನೆಯ ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ! ನಮ್ಮದು ಬಾಡಿಗೆಯ ಮನೆ. ಕಟ್ಟಿಸಿದವರು ತೂತನ್ನು ಅಲಂಕಾರಕ್ಕೆಂದು ಇಟ್ಟಿದ್ದರೇನೋ. ಭೂಸಂಪರ್ಕವಿರುವ 16 ಆಂಪಿಯರಿನ ಫಲಕಕ್ಕೆ ನೇರವಾಗಿ ಜೋಡಿಸಬೇಕೇ ಹೊರತು, ಶೀತಪೆಟ್ಟಿಗೆ ಮಿಕ್ಸಿಗಳೊಡನೆ ಒಂದೇ ಉದ್ದ ತಂತಿಗೆ ಪಾಲುಗಾರನನ್ನಾಗಿ ಮಾಡಬಾರದು. ಕೆಟ್ಟರೆ ಮನೆಯಲ್ಲಿ ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಒಳಗಿನ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಕೆಪಾಸಿಟರ್ ಎಂಬ ಭಾಗ ತಂತಿ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಲ್ಲುದು. ಮುಟ್ಟಿದವನ ಪ್ರಾಣಕ್ಕೇ ಸಂಚಕಾರ. ಎಂಜಿನಿಯರಿಂಗ್ ಓದುತ್ತಿರುವ ಹುಡುಗರಿರುವ ಮನೆಗಳಲ್ಲಿ ತಾಯ್ತಂದೆಯರು ಈ ವಾಕ್ಯವನ್ನು ಗಟ್ಟಿಯಾಗಿ ಓದುವುದು ಒಳ್ಳೆಯದು.

ಇಷ್ಟೆಲ್ಲ ಇರುವಾಗ ಜನ ಹೆದರುವುದು ಮಾತ್ರ ಕಿರಣಗಳಿಗೆ. ತಾಯಿಯವರೂ ಕೇಳಿದರು, "ಆ ಕಿರಣ ಅನ್ನದಲ್ಲಿ ಉಳಿದುಬಿಟ್ಟರೆ?" ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ ಇದೂ ನಿಂತ ಕ್ಷಣಕ್ಕೆ ನಿಂತಿತು, ಆಹಾರ ವಿಕಿರಣಶೀಲವಾಗುವುದಿಲ್ಲ. ಬಾಗಿಲಿನ ಗಾಜಿನೊಳಗೆ ಜರಡಿಯಂಥ ಲೋಹದ ಬಲೆಯಿದೆಯಷ್ಟೆ? ಅದರ ಕಿರುತೂತುಗಳಲ್ಲಿ ಬೆಳಕು ನುಸುಳಿ ಬರುತ್ತದೆ. ಅರ್ಧ ಗೇಣಿನ ತರಂಗ ಬರಲಾರದು. ಬಾಗಿಲು ತೆರೆದೊಡನೆ ತರಂಗ ನಿಲ್ಲುವಂತೆ ಒಂದಕ್ಕಿಂತ ಹೆಚ್ಚು ಸ್ವಿಚ್ಚುಗಳಿವೆ. ಅಮೆರಿಕದಲ್ಲಿ 1971ರಿಂದ ನಡೆದುಬಂದಿರುವ ಕಟ್ಟಳೆಯಂತೆ, ಒಲೆ ಎಷ್ಟು ಹಳೆಯದಾದರೂ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವಾಟನ್ನು ಮೀರಕೂಡದು. ಅರ್ಧ ಮೀಟರ್ ಹಿಂದೆ ಸರಿದರೆ ಅದರ ನೂರನೆಯ ಒಂದು ಪಾಲಷ್ಟೆ. ಆದರೆ ಈ ಭರವಸೆಯೆಲ್ಲ ಬಾಗಿಲು ಸರಿಯಾಗಿ ಕೂರುವವರೆಗೆ. ಕೀಲು ಸಡಿಲವಾದ, ಗಾಜು ಬಿರಿದ, ಅಂಚಿನಲ್ಲಿ ಜಿಡ್ಡು ಕಟ್ಟಿ ಪೂರ್ತಿ ಮುಚ್ಚದ ಒಲೆಯನ್ನು ಬಳಸಬಾರದು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡಿರುವವರು ತಮ್ಮ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು. ಈಚಿನ ಪೇಸ್‌ಮೇಕರುಗಳಿಗೆ ಒಳ್ಳೆಯ ಕವಚವಿದೆ.

ಈಗ ತಾಯಿಯವರೂ ಪೆಟ್ಟಿಗೆಯನ್ನು ಬಳಸುತ್ತಾರೆ, ತಮ್ಮದೇ ರೀತಿಯಲ್ಲಿ. ಕುಡಿಯುವ ನೀರಿಗೆ ಮರದ ಸೌಟಿನ ಮುರಿದ ಹಿಡಿಯೊಂದನ್ನು ಇಳಿಬಿಟ್ಟು ಕಾಯಿಸುತ್ತಾರೆ. ಗಂಟೆ ಬಾರಿಸಿದ ಮೇಲೆ ದೇವರ ಮುಂದಿನ ದೀಪದ ಬತ್ತಿಯನ್ನು ಸರಿಮಾಡಿ ಬಂದು ಬಾಗಿಲು ತೆರೆಯುತ್ತಾರೆ. ಅರ್ಧ ನಿಮಿಷದ ಅವರ ಲೆಕ್ಕ ಅದು.

ಹೋದ ಭಾನುವಾರ ಊರಿನಿಂದ ಹಲಸಿನ ಬೀಜಗಳು ಬಂದುವು. ಮಗಳಿಗೆ ಅವು ಪೆಟ್ಟಿಗೆಯಲ್ಲಿಯೇ ಬೇಯಬೇಕೆಂದು ಹಟ. ಅಜ್ಜಿ ಈಳಿಗೆಮಣೆಯ ಮುಂದೆ ಕುಳಿತು ಒಂದೊಂದು ಬೀಜಕ್ಕೂ ಒಂದೊಂದು ಸೀಳು ಹಾಕತೊಡಗಿದರು. ಬೇಗನೆ ಮುಗಿಯಲೆಂದು ನಾನೂ ಚಾಕು ಹಿಡಿದು ಕುಳಿತೆನು. ಹನ್ನೆರಡು ಬೀಜಗಳನ್ನು ಗಾಜಿನ ಬಟ್ಟಲಲ್ಲಿ ನೀರು ಚಿಮುಕಿಸಿ, ಮುಚ್ಚಳವನ್ನು ಓರೆಯಾಗಿಟ್ಟು ಒಳಗಿರಿಸಿದೆವು. ಮಗು ಉಸಿರು ಬಿಗಿಹಿಡಿದು ದೂರದಿಂದ ನೋಡುತ್ತಿತ್ತು. ಎರಡನೆಯ ನಿಮಿಷದಲ್ಲಿ ಫಟ್ ಎಂದು ಒಂದು ಸದ್ದಾಯಿತು. ಹನ್ನೊಂದು ಬೀಜಗಳು ಹದವಾಗಿ ಬೆಂದಿದ್ದುವು. ಸಿಡಿದದ್ದು ನಾನು ಸೀಳಿದ ಬೀಜ ಎಂಬುದರಲ್ಲಿ ನಮ್ಮ ತಾಯಿಯವರಿಗೆ ಲೇಶವೂ ಸಂಶಯವಿರಲಿಲ್ಲ.